ಒಂದು ಗಣಿಯೂರಿನ ಭಯಕಥೆ

ಸಾಹಿತ್ಯದ ಪಾಠ ಹೇಳಿ ನಿವೃತ್ತನಾದವನೊಬ್ಬ ಕೊಲೆಗಳ ಚಲಚ್ಚಿತ್ರವೊಂದನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರು ಹುಬ್ಬೇರಿಸುವುದು ಸಹಜ. ಆದರೆ ಭಯಾನಕವನ್ನೂ ಬೀಭತ್ಸವನ್ನೂ ರಸಗಳೆಂದು ಎಣಿಸಿದವರು ನಮ್ಮ ಆಲಂಕಾರಿಕರೇ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಹೆಜ್ಜೆಯಿಡುವ ಭಾಗವನ್ನು ಓದಿದವರಿಗೆ, ಜುಗುಪ್ಸೆಯನ್ನು ಹಾದುಹೋದ ಕಾವ್ಯ ಎಲ್ಲಿಗೆ ಮುಟ್ಟಬಲ್ಲುದೆಂಬುದು ಗೊತ್ತು. ಅಲ್ಲಿ ರಾಜನು ನೋಡುತ್ತಿರುವುದು ಬರಿಯ ಹೆಣಗಳನ್ನಲ್ಲ, ತನ್ನ ಛಲದ ಫಲವನ್ನು. ಭಯಕ್ಕೂ ಹೇಸಿಗೆಗೂ ಕಲೆಯಲ್ಲಿ ಸ್ಥಾನವಿರುವುದಾದರೆ ಅದು ಇಂಥ ಕಾಣ್ಕೆಗಾಗಿ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, 1981ರಲ್ಲಿ ತೆರೆಗೆ ಬಂದು, ವಿಮರ್ಶಕರಿಂದ ತಾತ್ಸಾರಕ್ಕೊಳಗಾಗಿ, ಬಹುಕಾಲ ಅಂಗಹೀನವಾಗಿಯೇ ಉಳಿದ ಕೆನಡಾದ ಚಿತ್ರವೊಂದನ್ನು ಇಲ್ಲಿ ಪರಿಚಯಿಸುತ್ತೇನೆ. ಅದರ ಹೆಸರು ‘ಮೈ ಬ್ಲಡಿ ವ್ಯಾಲೆಂಟೈನ್’.

ಮೊದಲು ಆ ಚಿತ್ರದ ಕುಲಗೋತ್ರವನ್ನು ನೋಡೋಣ. ಮುಖ ಕಾಣದ ಕೊಲೆಗಾರನೊಬ್ಬ ಹರಿತವಾದ ಆಯುಧ ಹಿಡಿದು ಯುವಕ ಯುವತಿಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ ಕಥೆಗಳಿಗೆ ಇಂಗ್ಲಿಷಿನಲ್ಲಿ ‘ಸ್ಲ್ಯಾಷರ್’ ಎಂಬ ಹೆಸರಿದೆ. 1978ರ ‘ಹ್ಯಾಲೋವೀನ್’ ಕಡಿಮೆ ಬಂಡವಾಳದಲ್ಲಿ ಅಪಾರ ಹಣ ಗಳಿಸಿತು. 1980ರಲ್ಲಿ ‘ಫ್ರೈಡೇ ದಿ ಥರ್ಟೀಂತ್’ ಅದೇ ದಾರಿಯಲ್ಲಿ ನಡೆದು ಗೆದ್ದಿತು. ಅಲ್ಲಿಂದ ಮುಂದೆ ಪಂಚಾಂಗದಲ್ಲಿ ಉಳಿದ ಹಬ್ಬಗಳಾವುವು ಎಂದು ನಿರ್ಮಾಪಕರು ಹುಡುಕತೊಡಗಿದರು. ಕ್ರಿಸ್‌ಮಸ್ಸನ್ನು ಕೆನಡಾದವರು 1974ರಲ್ಲಿಯೇ ‘ಬ್ಲ್ಯಾಕ್ ಕ್ರಿಸ್‌ಮಸ್’ ಚಿತ್ರದಲ್ಲಿ ಬಳಸಿಕೊಂಡಿದ್ದರು. ಫೆಬ್ರವರಿ 14ರ ಪ್ರೇಮಿಗಳ ದಿನ ಇನ್ನೂ ಖಾಲಿಯಿತ್ತು. ಮಾಂಟ್ರಿಯಲ್ ನಗರದ ನಿರ್ಮಾಪಕರಾದ ಜಾನ್ ಡನಿಂಗ್ ಮತ್ತು ಆಂದ್ರೆ ಲಿಂಕ್ ಅದನ್ನು ಕೈಗೆತ್ತಿಕೊಂಡರು. ಹುಟ್ಟಿನ ಮೂಲ ಇಷ್ಟು ವ್ಯಾಪಾರದ್ದು, ಅದನ್ನು ಮುಚ್ಚಿಡಬೇಕಾದ್ದಿಲ್ಲ.

ಕೆನಡಾದಲ್ಲಿ ಇಂಥ ಚಿತ್ರಗಳು ಆ ಕಾಲದಲ್ಲಿ ಹುಲುಸಾಗಿ ಬೆಳೆಯಲು ಒಂದು ತೆರಿಗೆಯ ನಿಯಮವೂ ಕಾರಣವಾಗಿತ್ತು. ದೇಶೀಯ ಚಿತ್ರಗಳಲ್ಲಿ ತೊಡಗಿಸಿದ ಹಣವನ್ನು ತೆರಿಗೆಗೆ ಒಳಪಡುವ ಆದಾಯದಿಂದ ನೂರಕ್ಕೆ ನೂರರಷ್ಟು ಕಳೆದುಕೊಳ್ಳಬಹುದೆಂದು ಸರ್ಕಾರ 1974ರಿಂದ ಅವಕಾಶ ಮಾಡಿಕೊಟ್ಟಿತು. ವೈದ್ಯರೂ ವಕೀಲರೂ ಚಿತ್ರಗಳಿಗೆ ಹಣ ಹೂಡಿದರು. ಹೀಗೆ ಬಂದ ಬೆಳೆಯಲ್ಲಿ ಜೊಳ್ಳೇ ಹೆಚ್ಚು. ಬಹುಪಾಲು ಚಿತ್ರಗಳು ತಾವು ಕೆನಡಾದಲ್ಲಿ ಹುಟ್ಟಿದವೆಂಬುದನ್ನೇ ಮರೆಮಾಚಿ, ಅಮೆರಿಕದ ಯಾವುದೋ ಅನಾಮಧೇಯ ಊರಿನ ವೇಷ ಹಾಕಿಕೊಂಡವು. ನಮ್ಮ ಚಿತ್ರದ ಮೊದಲ ಹೆಚ್ಚಳ ಇಲ್ಲಿಯೇ ಇದೆ. ಅದಕ್ಕೆ ಒಂದು ನಿಜವಾದ ನೆಲವಿದೆ.

ಆ ನೆಲ ನೋವಾ ಸ್ಕೋಷಿಯಾ ಪ್ರಾಂತದ ಕೇಪ್ ಬ್ರೆಟನ್ ದ್ವೀಪ. ಅಲ್ಲಿ ಕಲ್ಲಿದ್ದಲಿನ ಪದರಗಳು ದಡದಿಂದ ಇಳಿಜಾರಾಗಿ ಅಟ್ಲಾಂಟಿಕ್ ಸಮುದ್ರದ ತಳಕ್ಕೆ ಹೋಗುತ್ತವೆ. ಗಣಿಗಾರನು ದಡದಲ್ಲಿ ಇಳಿದು ಸಮುದ್ರದಡಿಯಲ್ಲಿ ದುಡಿಯುತ್ತಿದ್ದನು. ಸಿಡ್ನಿ ಮೈನ್ಸ್ ಎಂಬ ಊರಿನ ಪ್ರಿನ್ಸೆಸ್ ಗಣಿ ಸುಮಾರು ನೂರು ವರ್ಷ ಹೀಗೆ ನಡೆದು 1970ರ ದಶಕದ ನಡುವಿನಲ್ಲಿ ಮುಚ್ಚಿತು. 1980ರ ಶರತ್ಕಾಲದಲ್ಲಿ, ಹಂಗೆರಿಯಲ್ಲಿ ಹುಟ್ಟಿ ಕೆನಡಾದವನಾದ ಯುವ ನಿರ್ದೇಶಕ ಜಾರ್ಜ್ ಮಿಹಾಲ್ಕಾ ತನ್ನ ತಂಡದೊಡನೆ ಅಲ್ಲಿಗೆ ಬಂದನು. ಈ ಚಿತ್ರೀಕರಣದ ಬಗ್ಗೆ ಒಂದು ಪ್ರಸಿದ್ಧ ಪ್ರಸಂಗವಿದೆ. ಸಿನಿಮಾದವರು ಬರುತ್ತಾರೆಂಬ ಸುದ್ದಿ ತಿಳಿದು, ಮನೆಗೆ ನೆಂಟರು ಬರುವಾಗ ಅಂಗಳ ಸಾರಿಸುವಂತೆ, ಊರವರು ಗಣಿಯನ್ನು ತೊಳೆದು ಬಣ್ಣ ಬಳಿದುಬಿಟ್ಟರಂತೆ. ಮಸಿ ಹಿಡಿದ ಹಳೆಯ ಗಣಿಯನ್ನು ಬಯಸಿ ಬಂದಿದ್ದ ತಂಡದವರು ಅದನ್ನು ಮತ್ತೆ ಕೊಳೆಮಾಡಲು ದೊಡ್ಡ ಮೊತ್ತವನ್ನೇ ವ್ಯಯಿಸಬೇಕಾಯಿತು. ನಗೆ ತರುವ ಈ ಪ್ರಸಂಗದ ಅಡಿಯಲ್ಲಿ ಒಂದು ಸಂಕಟವಿದೆ. ದುಡಿಮೆ ನಿಂತುಹೋದ ಊರು ತನ್ನ ಕೈಲಾದ ಮಾನವನ್ನು ಹೀಗೆ ಕಾಪಾಡಿಕೊಂಡಿತು.

ಈಗ ಕಥೆ. ವ್ಯಾಲೆಂಟೈನ್ ಬ್ಲಫ್ಸ್ ಎಂಬ ಕಲ್ಪಿತ ಗಣಿಯೂರು. ಇಪ್ಪತ್ತು ವರ್ಷಗಳ ಹಿಂದೆ ಪ್ರೇಮಿಗಳ ದಿನದ ರಾತ್ರಿ ಊರೆಲ್ಲ ನೃತ್ಯಕ್ಕೆ ಸೇರಿತ್ತು. ಗಣಿಯೊಳಗೆ ಕೆಲವರು ಇನ್ನೂ ಕೆಲಸದಲ್ಲಿದ್ದರು. ನೃತ್ಯಕ್ಕೆ ಹೊತ್ತಾಯಿತೆಂದು ಇಬ್ಬರು ಮೇಲ್ವಿಚಾರಕರು ಗಾಳಿಯಲ್ಲಿ ಮೀಥೇನ್ ಅನಿಲವೆಷ್ಟಿದೆಯೆಂದು ಪರೀಕ್ಷಿಸದೆ ಮೇಲೆ ಬಂದುಬಿಟ್ಟರು. ಸ್ಫೋಟವಾಯಿತು. ವಾರಗಳ ನಂತರ ಮಣ್ಣನ್ನು ತೋಡಿದಾಗ ಬದುಕಿ ಸಿಕ್ಕವನು ಹ್ಯಾರಿ ವಾರ್ಡನ್ ಒಬ್ಬನೇ. ಸತ್ತ ಜೊತೆಗಾರರ ಮಾಂಸ ತಿಂದು ಅವನು ಉಸಿರು ಹಿಡಿದಿದ್ದನು, ಬುದ್ಧಿ ಕೆಟ್ಟಿತ್ತು. ಮರುವರ್ಷ ಅದೇ ದಿನ ಅವನು ಆಸ್ಪತ್ರೆಯಿಂದ ಬಂದು ಆ ಇಬ್ಬರನ್ನೂ ಪಿಕಾಸಿಯಿಂದ ಕೊಂದು, ಅವರ ಹೃದಯಗಳನ್ನು ಮಿಠಾಯಿ ಪೆಟ್ಟಿಗೆಗಳಲ್ಲಿಟ್ಟು, ಇನ್ನೆಂದೂ ಈ ಊರಿನಲ್ಲಿ ನೃತ್ಯ ನಡೆಯಕೂಡದೆಂದು ಎಚ್ಚರಿಸಿದನು. ಇಪ್ಪತ್ತು ವರ್ಷ ನೃತ್ಯ ನಡೆಯಲಿಲ್ಲ. ಈಗ ಹೊಸ ತಲೆಮಾರು ಬಂದಿದೆ. ಊರು ಮತ್ತೆ ಕೆಂಪು ಕಾಗದದ ಹೃದಯಗಳನ್ನು ಕತ್ತರಿಸಿ ತೋರಣ ಕಟ್ಟುತ್ತಿದೆ. ಆಗ ಮೇಯರನಿಗೆ ಒಂದು ಮಿಠಾಯಿ ಪೆಟ್ಟಿಗೆ ಬರುತ್ತದೆ.

ಮೀಥೇನ್ ಎಂದರೆ ಏನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಕಥೆಯ ಬೀಜ ಅದರಲ್ಲಿದೆ. ಕಲ್ಲಿದ್ದಲನ್ನು ಕಡಿದಾಗ ಅದರ ಒಡಲಿನಲ್ಲಿ ಅಡಗಿದ್ದ ಈ ಅನಿಲ ಹೊರಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರವಾದುದರಿಂದ ಸುರಂಗದ ಮಾಡಿಗೆ ಹತ್ತಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಐದರಿಂದ ಹದಿನೈದರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಆ ಸ್ಫೋಟ ನೆಲದ ಮೇಲಿನ ಕಲ್ಲಿದ್ದಲ ಪುಡಿಯನ್ನು ಎಬ್ಬಿಸಿದರೆ ಬೆಂಕಿ ಸುರಂಗದಿಂದ ಸುರಂಗಕ್ಕೆ ಓಡುತ್ತದೆ. 1815ರಲ್ಲಿ ಹಂಫ್ರಿ ಡೇವಿ ರೂಪಿಸಿದ ಸುರಕ್ಷಾ ದೀಪದ ಕಾಲದಿಂದಲೂ ಗಣಿಗಾರರು ಜ್ವಾಲೆಯ ಮೇಲೆ ಏಳುವ ನೀಲಿ ಟೊಪ್ಪಿಗೆಯನ್ನು ನೋಡಿ ಈ ಅನಿಲವನ್ನು ಅಳೆಯುವುದನ್ನು ಕಲಿತರು. ಎಂದರೆ, ಇದು ತಿಳಿಯದೆ ಬರುವ ಮೃತ್ಯುವಲ್ಲ. ಯಾರಾದರೊಬ್ಬರು ಕೆಲವು ನಿಮಿಷ ನಿಂತು ನೋಡಬೇಕು, ಅಷ್ಟೆ. ಚಿತ್ರದಲ್ಲಿ ಆ ಕೆಲವು ನಿಮಿಷಗಳನ್ನು ಯಾರೂ ಕೊಡಲಿಲ್ಲ.

ಸಿಡ್ನಿ ಮೈನ್ಸಿನಲ್ಲಿ ಈ ಕಥೆ ಬರಿಯ ಕಲ್ಪನೆಯಾಗಿರಲಿಲ್ಲ. ಅಲ್ಲಿಗೆ ಸಮೀಪದ ಗ್ಲೇಸ್ ಬೇ ಊರಿನ 26ನೆಯ ಸಂಖ್ಯೆಯ ಗಣಿಯಲ್ಲಿ 1979ರ ಫೆಬ್ರವರಿ 24ರಂದು ಸ್ಫೋಟವಾಗಿ ಹನ್ನೆರಡು ಮಂದಿ ಸತ್ತಿದ್ದರು. ಚಿತ್ರತಂಡ ಬಂದಾಗ ಆ ದುರಂತಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಅದೇ ಪ್ರಾಂತದ ಸ್ಪ್ರಿಂಗ್‌ಹಿಲ್ಲಿನಲ್ಲಿ 1956ರಲ್ಲಿ ಸ್ಫೋಟವಾಗಿ ಮೂವತ್ತೊಂಬತ್ತು ಮಂದಿ ಸತ್ತರು. ಎರಡೇ ವರ್ಷಗಳಲ್ಲಿ, 1958ರ ಅಕ್ಟೋಬರ್ 23ರಂದು, ಭೂಗರ್ಭದ ಒತ್ತಡದಿಂದ ಗಣಿಯೇ ಕುಸಿದು ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಿಗೆ ಬಂಡೆ ಸಿಡಿಯುವ ಈ ಅನುಭವ ಚೆನ್ನಾಗಿ ಗೊತ್ತು. ಸ್ಪ್ರಿಂಗ್‌ಹಿಲ್ಲಿನಲ್ಲಿ ಕೆಲವರು ಒಂದು ವಾರಕ್ಕೂ ಹೆಚ್ಚು ಕಾಲ ಕತ್ತಲೆಯಲ್ಲಿ ಸಿಕ್ಕಿಕೊಂಡು, ಬದುಕಿ ಬಂದರು. ಅವರಲ್ಲಿ ಒಬ್ಬನಾದ ಮಾರಿಸ್ ರಡಿಕ್ ಎಂಬ ಕಪ್ಪು ಗಣಿಗಾರ, ಜೊತೆಯವರ ಧೈರ್ಯ ಕುಂದದಂತೆ ಹಾಡುತ್ತಿದ್ದನೆಂಬುದು ದಾಖಲೆಯಾಗಿರುವ ಸಂಗತಿ.

ಇಲ್ಲಿ ಚಿತ್ರದ ಮೇಲೆ ನನ್ನದೊಂದು ಆಕ್ಷೇಪವಿದೆ. ಸಿಕ್ಕಿಕೊಂಡ ನಿಜವಾದ ಗಣಿಗಾರರು ಇದ್ದ ನೀರನ್ನು ಗುಟುಕು ಗುಟುಕಾಗಿ ಹಂಚಿಕೊಂಡರು, ಹಾಡಿದರು. ಚಿತ್ರವಾದರೋ ಸಿಕ್ಕಿಕೊಂಡವನನ್ನು ನರಭಕ್ಷಕನನ್ನಾಗಿ ಮಾಡಿತು. ಅನ್ಯಾಯಕ್ಕೊಳಗಾದವನನ್ನೇ ರಾಕ್ಷಸನನ್ನಾಗಿ ಚಿತ್ರಿಸುವುದು ಭಯಕಥೆಗಳ ಹಳೆಯ ಚಾಳಿ. ನಿಜದ ಮುಂದೆ ಇದು ಚಿಕ್ಕ ಬುದ್ಧಿ. ಆದರೆ ಕಥೆಯನ್ನು ಕೊನೆಯವರೆಗೆ ನೋಡಿದರೆ ಈ ಆಕ್ಷೇಪಕ್ಕೆ ಚಿತ್ರವೇ ಅರ್ಧ ಉತ್ತರ ಕೊಡುತ್ತದೆ. ಗುಟ್ಟನ್ನು ಒಡೆಯದೆ ಆ ಮಾತನ್ನು ಹೇಳಲಾಗದು. ಇಷ್ಟು ಹಳೆಯ ಚಿತ್ರದ ವಿಷಯದಲ್ಲಿ ಅದು ಕ್ಷಮ್ಯವೆಂದುಕೊಂಡಿದ್ದೇನೆ.

ಹೆಣಗಳು ಬೀಳತೊಡಗಿದಾಗ ಊರೆಲ್ಲ ‘ಹ್ಯಾರಿ ವಾರ್ಡನ್ ಮರಳಿ ಬಂದ’ ಎನ್ನುತ್ತದೆ. ಹ್ಯಾರಿ ವಾರ್ಡನ್ ವರ್ಷಗಳ ಹಿಂದೆಯೇ ತೀರಿಕೊಂಡಿದ್ದನೆಂಬುದು ತಡವಾಗಿ ಹೊರಬೀಳುತ್ತದೆ. ಗಣಿಗಾರನ ಕಪ್ಪು ಉಡುಪು, ಅನಿಲ ತಡೆಯುವ ಮುಖವಾಡ, ಹಣೆಯ ದೀಪ ಇವುಗಳ ಹಿಂದೆ ಇರುವವನು ಊರಿನವನೇ ಆದ ತರುಣ ಗಣಿಗಾರ ಆಕ್ಸೆಲ್. ಅವನು ಯಾರ ಮಗ? ಗಾಳಿಯನ್ನು ಪರೀಕ್ಷಿಸದೆ ಹೋದ ಮೇಲ್ವಿಚಾರಕರಲ್ಲಿ ಒಬ್ಬನ ಮಗ. ತಂದೆಯ ಕೊಲೆಯನ್ನು ಮಂಚದಡಿಯಿಂದ ಕಂಡ ಹುಡುಗ. ಹೀಗೆ ಕೇಡು ಬಂದದ್ದು ಮಣ್ಣಿನಲ್ಲಿ ಹೂತುಹೋದವನ ಮನೆಯಿಂದಲ್ಲ, ಹೂತುಹೋಗಲು ಬಿಟ್ಟವನ ಮನೆಯಿಂದ. ಊರು ಇಪ್ಪತ್ತು ವರ್ಷ ಹ್ಯಾರಿಯ ಪಿಕಾಸಿಯನ್ನು ನೆನಪಿಟ್ಟುಕೊಂಡಿತು. ಆ ರಾತ್ರಿ ಯಾರೂ ಅಳೆಯದ ಗಾಳಿಯನ್ನು ಮರೆಯಿತು. ನೃತ್ಯವನ್ನು ನಿಷೇಧಿಸಿದರೇ ವಿನಾ ತಪ್ಪು ಯಾರದೆಂದು ಯಾರೂ ಗಟ್ಟಿಯಾಗಿ ಕೇಳಿದಂತೆ ಕಾಣುವುದಿಲ್ಲ. ಮೇಯರನೇ ಗಣಿಯ ಒಡೆಯನೂ ಹೌದು. ಹೊಸ ಕೊಲೆಗಳು ಆರಂಭವಾದಾಗಲೂ ಅವನೂ ಪೊಲೀಸ್ ಮುಖ್ಯಸ್ಥನೂ ಊರು ಹೆದರೀತೆಂದು ಸತ್ಯವನ್ನು ಮುಚ್ಚಿಡುತ್ತಾರೆ. ಅವರು ದುಷ್ಟರಲ್ಲ, ಒಳ್ಳೆಯ ಮಾತಿನ, ಊರಿನ ಹಿತ ಬಯಸುವ ಹಿರಿಯರು. ಮರೆವು ಅಂಥವರ ಕೈಯಿಂದಲೇ ನಡೆಯುತ್ತದೆ.

ಇದೇ ಕಾಲದ ನಮ್ಮ ಹಿಂದಿ ಚಿತ್ರವೊಂದನ್ನು ಪಕ್ಕದಲ್ಲಿಟ್ಟು ನೋಡಬಹುದು. 1975ರ ಡಿಸೆಂಬರಿನಲ್ಲಿ ಚಾಸ್‌ನಾಲಾ ಗಣಿಗೆ ನೀರು ನುಗ್ಗಿ ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ಪ್ರೇರಣೆಯಿಂದ ಯಶ್ ಚೋಪ್ರಾ 1979ರಲ್ಲಿ ‘ಕಾಲಾ ಪತ್ಥರ್’ ಮಾಡಿದರು. ಅಲ್ಲಿ ಲೋಭಿಯಾದ ಒಡೆಯ ಎದುರಿಗೇ ನಿಲ್ಲುತ್ತಾನೆ, ಅವನನ್ನು ಎದುರಿಸುವ ವೀರನೂ ಇದ್ದಾನೆ. ಕೆನಡಾದ ಚಿತ್ರದಲ್ಲಿ ವೀರನಿಲ್ಲ, ಖಳನಿಗೂ ಮುಖವಿಲ್ಲ. ಮುಖವಾಡ ಮಾತ್ರವಿದೆ, ಮತ್ತು ಆ ಮುಖವಾಡ ಊರಿನ ಪ್ರತಿಯೊಬ್ಬ ದುಡಿಮೆಗಾರನೂ ದಿನವೂ ಧರಿಸುವಂಥದು.

ಈ ಜಾತಿಯ ಇತರ ಚಿತ್ರಗಳಲ್ಲಿ ಸಾಯುವವರು ಬೇಸಗೆಯ ಶಿಬಿರಕ್ಕೆ ಬಂದ, ಊರುಕೇರಿ ಗೊತ್ತಿಲ್ಲದ ಹುಡುಗ ಹುಡುಗಿಯರು. ಇಲ್ಲಿಯವರು ಸಂಬಳಕ್ಕೆ ದುಡಿಯುವವರು. ಪಾಳಿ ಮುಗಿಸಿ ಮೇಲೆ ಬರುವುದು, ಮೈ ತೊಳೆಯುವುದು, ಕಾರುಗಳಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕಿ ಪಾನಗೃಹಕ್ಕೆ ಓಡುವುದು, ಅಲ್ಲಿ ಕೀಟಲೆ, ಜಗಳ, ರಾಜಿ. ಇವುಗಳಿಗೆ ಚಿತ್ರ ಸಾಕಷ್ಟು ಕಾಲ ಕೊಡುತ್ತದೆ. ನಾಯಕ ಟಿ.ಜೆ. ಮೇಯರನ ಮಗ, ಪಶ್ಚಿಮ ಕರಾವಳಿಗೆ ಭಾಗ್ಯವನ್ನರಸಿ ಹೋಗಿ, ಸೋತು, ತಂದೆಯ ಗಣಿಗೇ ಮರಳಿದವನು. ಅವನು ಬಿಟ್ಟುಹೋದ ಸಾರಾ ಈಗ ಆಕ್ಸೆಲನ ಜೊತೆಗಿದ್ದಾಳೆ. ಊರು ಬಿಡಲಾರದೆ, ಊರಿನಲ್ಲಿ ನೆಲೆ ನಿಲ್ಲಲಾರದೆ ಒದ್ದಾಡುವ ಈ ತರುಣರ ಪಾಡು ಕೇಪ್ ಬ್ರೆಟನ್ನಿನ ಪಾಡೇ ಆಗಿತ್ತು. 1967ರಲ್ಲಿ ಸರ್ಕಾರ ಅಲ್ಲಿಯ ಗಣಿಗಳನ್ನು ವಹಿಸಿಕೊಳ್ಳಲು ನಿಗಮವೊಂದನ್ನು ರಚಿಸಿದಾಗ, ಆ ಉದ್ಯಮವನ್ನು ಹಂತಹಂತವಾಗಿ ಇಳಿಸುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಆ ನಿಗಮದ ಕೊನೆಯ ಗಣಿ ಮುಚ್ಚಿದ್ದು 2001ರಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ವರ್ಷವೂ ಅದೇ.

ಚಿತ್ರದ ಕಲೆಗಾರಿಕೆಯೂ ಈ ನೆಲದಿಂದಲೇ ಹುಟ್ಟಿದ್ದು. ನಿಜವಾದ ಗಣಿಯೊಳಗೆ ಮೀಥೇನಿನ ಭಯದಿಂದ ಸಿನಿಮಾದ ದೊಡ್ಡ ದೀಪಗಳನ್ನು ಮನಬಂದಂತೆ ಉರಿಸುವಂತಿರಲಿಲ್ಲ. ಆದುದರಿಂದ ಛಾಯಾಗ್ರಾಹಕ ರಾಡ್ನಿ ಗಿಬನ್ಸ್ ಮಂದವಾದ ಬೆಳಕಿನಲ್ಲಿಯೇ ಕೆಲಸ ಮಾಡಬೇಕಾಯಿತು. ಪರದೆಯ ಮೇಲೆ ಕಾಣುವ ಕತ್ತಲೆ ಬಣ್ಣ ಬಳಿದು ಮಾಡಿದ ಕತ್ತಲೆಯಲ್ಲ. ಹಣೆಯ ದೀಪವೊಂದು ಸುರಂಗದ ತಿರುವಿನಲ್ಲಿ ಕಾಣಿಸಿಕೊಂಡಾಗ, ಬರುತ್ತಿರುವವನು ಗೆಳೆಯನೋ ಹಂತಕನೋ ತಿಳಿಯುವುದಿಲ್ಲ. ಇನ್ನೊಂದು ದೃಶ್ಯ ಮರೆಯಲಾಗದ್ದು. ಗಣಿಯ ಸ್ನಾನಗೃಹದಲ್ಲಿ ದುಡಿಮೆಯ ಉಡುಪುಗಳನ್ನು ಸರಪಳಿಗಳಿಂದ ಮಾಡಿನತ್ತ ಏರಿಸಿ ತೂಗುಹಾಕಿರುತ್ತಾರೆ. ಒಂಟಿಯಾಗಿ ನಿಂತ ತರುಣಿಯೊಬ್ಬಳ ಸುತ್ತ ಆ ಉಡುಪುಗಳು ಒಂದೊಂದಾಗಿ ಮೇಲಿನಿಂದ ಇಳಿದುಬೀಳುತ್ತವೆ. ಒಳಗೆ ದೇಹವಿಲ್ಲದ, ತೋಳು ಜೋತ ಆ ಬಟ್ಟೆಗಳನ್ನು ಕಂಡಾಗ ನನಗೆ ಹೊಳೆದದ್ದು ಕೊಲೆಗಾರನಲ್ಲ. ಕೆಲಸಕ್ಕೆ ಹೋಗಿ ಬಾರದೆ ಉಳಿದವರು.

ದೋಷಗಳಿಲ್ಲವೆಂದಲ್ಲ. ನಟರಲ್ಲಿ ಕೆಲವರು ಎಳಸು. ಸ್ತ್ರೀಪಾತ್ರಗಳಿಗೆ ಪ್ರೀತಿಸುವುದು, ಹೆದರುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಆಕ್ಸೆಲನ ಬಾಲ್ಯದ ಗಾಯವನ್ನು ಕೊನೆಯ ಗಳಿಗೆಯಲ್ಲಿ ಅವಸರವಾಗಿ ಹೇಳಿ ಮುಗಿಸಲಾಗಿದೆ. ಇದಕ್ಕೂ ಮಿಗಿಲಾದ ಹಾನಿ ಹೊರಗಿನಿಂದ ಬಂದಿತು. ಅಮೆರಿಕದಲ್ಲಿ ಚಿತ್ರಗಳಿಗೆ ದರ್ಜೆ ನೀಡುವ ಮಂಡಳಿ ಹಲವಾರು ನಿಮಿಷಗಳ ಹಿಂಸಾದೃಶ್ಯಗಳನ್ನು ಕತ್ತರಿಸಿಸಿತು. 1981ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಕೊಲೆಗಳು ಅರ್ಧಕ್ಕೆ ನಿಂತು, ಭಯವನ್ನರಸಿ ಬಂದವರಿಗೂ ನಿರಾಸೆಯಾಯಿತು. ವಿಮರ್ಶಕರಂತೂ ಇದನ್ನು ಹಿಂಡಿನಲ್ಲೊಂದು ಕುರಿಯೆಂದು ಬದಿಗಿಟ್ಟರು. 2009ರಲ್ಲಿ, ಇದೇ ಕಥೆಯನ್ನು ಹೊಸದಾಗಿ ತೆಗೆದ ಸಂದರ್ಭದಲ್ಲಿ, ಕತ್ತರಿಸಿದ ಭಾಗಗಳಲ್ಲಿ ಸುಮಾರು ಮೂರು ನಿಮಿಷಗಳಷ್ಟನ್ನು ಮರಳಿ ಸೇರಿಸಿದರು. ರಕ್ತದ ದೃಶ್ಯಗಳು ಮರಳಿದವೆಂದು ಹಿಗ್ಗಬೇಕಾದ್ದು ನನಗೇನೂ ಇಲ್ಲ. ಆದರೆ ಕೃತಿಯೊಂದನ್ನು ಮೆಚ್ಚಲಿ ಬಿಡಲಿ, ಅದನ್ನು ಇಡಿಯಾಗಿ ನೋಡಿ ತೀರ್ಮಾನಿಸಬೇಕೆಂಬುದು ಹಸ್ತಪ್ರತಿಗಳನ್ನು ಓದಿ ಬೆಳೆದ ನಮ್ಮಂಥವರ ಹಟ.

ಚಿತ್ರ ಮುಗಿಯುವುದು ಒಂದು ಹಾಡಿನಿಂದ. ಹ್ಯಾರಿ ವಾರ್ಡನ್ನನ ಕಥೆಯನ್ನು ಹೇಳುವ ಆ ಗೀತೆಗೆ ಸಂಗೀತ ಪಾಲ್ ಜಾಜಾನದು, ಕಂಠ ಜಾನ್ ಮೆಕ್‌ಡರ್ಮಟ್‌ನದು. ಅದು ನಮ್ಮ ಲಾವಣಿಯ ಧಾಟಿಯದು. ಗಣಿಯೂರುಗಳಲ್ಲಿ ದುರಂತವಾದಾಗಲೆಲ್ಲ ಹಾಡು ಹುಟ್ಟುವುದು ಪದ್ಧತಿ. 1958ರ ಸ್ಪ್ರಿಂಗ್‌ಹಿಲ್ ಕುಸಿತವನ್ನು ಕುರಿತು ಪೆಗ್ಗಿ ಸೀಗರ್ ಕಟ್ಟಿದ ಹಾಡು ದೇಶದೇಶಗಳಲ್ಲಿ ಹಬ್ಬಿತು. ಅಗ್ಗದ ಭಯಚಿತ್ರವೊಂದು ಆ ಪರಂಪರೆಯ ಅಂಚನ್ನು ಹಿಡಿದುಕೊಂಡದ್ದು ಆಕಸ್ಮಿಕವಲ್ಲ. ನಮ್ಮ ‘ಕೆರೆಗೆ ಹಾರ’ವನ್ನು ನೆನೆಯಿರಿ. ಕೆರೆಗೆ ನೀರು ಬಂತು, ಊರು ತಣಿಯಿತು; ಆದರೆ ಹಾಡು ನೀರನ್ನು ಹೊಗಳಲು ಹುಟ್ಟಲಿಲ್ಲ, ಭಾಗೀರಥಿಯನ್ನು ಮರೆಯದಿರಲು ಹುಟ್ಟಿತು. ಕೇಪ್ ಬ್ರೆಟನ್ನಿನವರು ಕೂಡ ಪ್ರತಿವರ್ಷ ಜೂನ್ 11ರಂದು, 1925ರ ಮುಷ್ಕರದಲ್ಲಿ ಕಂಪನಿಯ ಪೊಲೀಸರ ಗುಂಡಿಗೆ ಬಲಿಯಾದ ವಿಲಿಯಂ ಡೇವಿಸ್ ಎಂಬ ಗಣಿಗಾರನ ಹೆಸರಿನಲ್ಲಿ ಸತ್ತವರೆಲ್ಲರನ್ನೂ ನೆನೆಯುತ್ತಾರೆ. ಸ್ಮರಣೆಗೂ ನಿಷೇಧಕ್ಕೂ ಇರುವ ಅಂತರ ಇದು. ಚಿತ್ರದ ಊರು ಹಬ್ಬವನ್ನು ನಿಲ್ಲಿಸಿತು. ಸತ್ತವರ ಹೆಸರು ಹೇಳಲಿಲ್ಲ.

ಈ ಕಥೆಗೆ ಚರಿತ್ರೆ ಮುಂದೆ ಒಂದು ಕ್ರೂರವಾದ ಟಿಪ್ಪಣಿ ಬರೆಯಿತು. ಚಿತ್ರ ಬಂದು ಹನ್ನೊಂದು ವರ್ಷಗಳ ಮೇಲೆ, 1992ರ ಮೇ 9ರಂದು, ಅದೇ ನೋವಾ ಸ್ಕೋಷಿಯಾದ ವೆಸ್ಟ್‌ರೇ ಗಣಿಯಲ್ಲಿ ಮೀಥೇನಿಗೆ ಕಿಡಿ ತಗಲಿ, ಕಲ್ಲಿದ್ದಲ ಪುಡಿ ಹೊತ್ತಿ, ಆ ಹೊತ್ತಿನಲ್ಲಿ ಒಳಗಿದ್ದ ಇಪ್ಪತ್ತಾರು ಮಂದಿಯೂ ಸತ್ತರು. ಹನ್ನೊಂದು ಮಂದಿಯ ದೇಹಗಳು ಇಂದಿಗೂ ಅಲ್ಲಿಯೇ ಇವೆ. ಅದು ತೆರೆದು ಒಂದು ವರ್ಷವೂ ಆಗದಿದ್ದ ಹೊಸ ಗಣಿ. ನ್ಯಾಯಮೂರ್ತಿ ಪೀಟರ್ ರಿಚರ್ಡರ ವಿಚಾರಣಾ ವರದಿ 1997ರಲ್ಲಿ ಹೊರಬಂತು. ಮೊದಲೇ ಊಹಿಸಬಹುದಾಗಿದ್ದ ದಾರಿಯಲ್ಲಿ ಬಂದ ದುರಂತವಿದು ಎಂಬರ್ಥದ ಮಾತು ಆ ವರದಿಯ ಹೆಸರಿನಲ್ಲಿಯೇ ಇದೆ. ಮೀಥೇನನ್ನು ಅಳೆಯುವ, ಪುಡಿಯನ್ನು ಅಡಗಿಸುವ ಕ್ರಮಗಳು ಅಲ್ಲಿ ನಡೆಯಬೇಕಾದಂತೆ ನಡೆದಿರಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ. ದುಡಿಸಿಕೊಳ್ಳುವವರ ಅಲಕ್ಷ್ಯವನ್ನು ದಂಡಸಂಹಿತೆಯ ಅಪರಾಧವಾಗಿ ಕಾಣುವ ಕಾನೂನು ತಿದ್ದುಪಡಿ ಜಾರಿಗೆ ಬಂದದ್ದು 2004ರಲ್ಲಿ.

‘ಮೈ ಬ್ಲಡಿ ವ್ಯಾಲೆಂಟೈನ್’ ದೊಡ್ಡ ಕೃತಿಯೆಂದು ನಾನು ಹೇಳುವುದಿಲ್ಲ. ಅದನ್ನು ಮಾಡಿದವರಲ್ಲಿ ಗಣಿಗಾರರ ಚರಿತ್ರೆ ಬರೆಯುವ ಉದ್ದೇಶವಿತ್ತೆಂದೂ ಭಾವಿಸುವುದಿಲ್ಲ. ಆದರೆ ಕಥೆಗಾರನು ಉದ್ದೇಶಿಸದ್ದನ್ನೂ ಕಥೆ ನಡೆದ ನೆಲ ಹೇಳಿಸಿಬಿಡುವುದುಂಟು. ಪಿಕಾಸಿ ಹಿಡಿದವನು ಬರುವನೆಂದು ಪ್ರೇಕ್ಷಕನು ಒಂದೂವರೆ ಗಂಟೆ ಹೆದರಿ ಕುಳಿತಿರುತ್ತಾನೆ. ಮನೆಗೆ ಮರಳಿದ ಮೇಲೆ ಉಳಿಯುವ ಭಯ ಬೇರೆ. ಯಾವುದೋ ಸಂಜೆ, ಹಬ್ಬಕ್ಕೆ ಹೊತ್ತಾಯಿತೆಂದು, ಇಬ್ಬರು ಸಾಮಾನ್ಯ ಮನುಷ್ಯರು ತಮ್ಮ ಪಾಲಿನ ಚಿಕ್ಕ ಕೆಲಸವೊಂದನ್ನು ನಾಳೆಗೆ ಬಿಟ್ಟು ನಡೆದರಲ್ಲ, ಆ ಭಯ. ದುರ್ಯೋಧನನಂತೆ ಹೆಣಗಳ ನಡುವೆ ನಡೆದು ತಮ್ಮ ಕಾರ್ಯದ ಫಲವನ್ನು ಕಣ್ಣಾರೆ ನೋಡುವ ಶಿಕ್ಷೆ ಅಂಥವರಿಗೆ ಬರುವುದು ವಿರಳ. ಅವರ ಪರವಾಗಿ ಕಥೆ ನೋಡಬೇಕಾಗುತ್ತದೆ.